ಕೋಶಗಳ ವಂಶಾವಳಿ: ಲಾಲಾಗ್ರಂಥಿಯ ಅರ್ಬುದ ಸಂಶೋಧನೆಯಲ್ಲಿ ಒಂದು ಪ್ರಮಾದ

ಆಧಾರದ ಪರೀಕ್ಷೆಯೇ ಇತಿಹಾಸಕಾರನ ಮೊದಲ ಕರ್ತವ್ಯ. ಕೂಟಶಾಸನವನ್ನು ನಂಬಿ ರಚಿಸಿದ ವಂಶಾವಳಿಯು ಎಷ್ಟೇ ಸುಸಂಗತವಾಗಿದ್ದರೂ ನಿಲ್ಲಲಾರದು. ಈ ನಿಯಮವು ಪ್ರಯೋಗಶಾಲೆಗೂ ಅನ್ವಯಿಸುತ್ತದೆಂಬುದಕ್ಕೆ ಒಂದು ನಿದರ್ಶನವನ್ನು ಇಲ್ಲಿ ಪರಿಶೀಲಿಸುತ್ತೇವೆ.

ಜೊಲ್ಲನ್ನು ಸ್ರವಿಸುವ ಲಾಲಾಗ್ರಂಥಿಗಳಲ್ಲಿ ತಲೆದೋರುವ ಅರ್ಬುದಗಳಲ್ಲಿ, ಅಂದರೆ ಕ್ಯಾನ್ಸರುಗಳಲ್ಲಿ, ‘ಅಡೆನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’ ಎಂಬುದೂ ಒಂದು. ಅದು ಮೆಲ್ಲನೆ ಬೆಳೆಯುತ್ತದೆ. ಆದರೆ ನರಗಳ ಜಾಡು ಹಿಡಿದು ಹಬ್ಬುತ್ತದೆ, ಚಿಕಿತ್ಸೆಯಾಗಿ ಅನೇಕ ವರ್ಷಗಳು ಕಳೆದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಲ್ಲದು. ರೋಗಿಯ ದೇಹದಲ್ಲಿ ಈ ಸಂಚಾರವನ್ನು ಹೆಜ್ಜೆಹೆಜ್ಜೆಗೂ ನೋಡಲಾಗದು. ಆದುದರಿಂದ ಗಡ್ಡೆಯ ಕೋಶಗಳನ್ನು ಪಾತ್ರೆಗಳಲ್ಲಿ ಬೆಳೆಸಿ, ಸೂಕ್ಷ್ಮರಂಧ್ರಗಳುಳ್ಳ ಪೊರೆಯನ್ನು ಎಷ್ಟು ಕೋಶಗಳು ದಾಟಿದುವೆಂದು ಎಣಿಸುವರು; ಇಲಿಗಳ ದೇಹದಲ್ಲಿ ಸೇರಿಸಿ ಅವುಗಳ ಶ್ವಾಸಕೋಶವನ್ನು ಪರೀಕ್ಷಿಸುವರು. ‘ಎಸಿಸಿ-2’ ಎಂಬ ಕೋಶಪರಂಪರೆಯೂ, ಅದರಿಂದ ಹೆಚ್ಚು ಹರಡುವುದೆಂದು ಆಯ್ದ ‘ಎಸಿಸಿ-ಎಂ’ ಎಂಬುದೂ ಇಂತಹ ಮಾದರಿಗಳಾಗಿದ್ದುವು. ಇವೆರಡರ ಅಂತರದಲ್ಲಿ ಹರಡುವಿಕೆಯ ಕಾರಣವು ದೊರೆಯುವುದೆಂದು ನಂಬಿ ಅನೇಕರು ಪ್ರಬಂಧಗಳನ್ನು ಬರೆದರು.

2009ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು ಇಂತಹ 6 ಪರಂಪರೆಗಳ ಡಿಎನ್ಎ ಗುರುತನ್ನು ಪರೀಕ್ಷಿಸಿದರು. ಒಂದಾದರೂ ತನ್ನ ಹೆಸರಿಗೆ ತಕ್ಕುದಾಗಿರಲಿಲ್ಲ. ಎಸಿಸಿ-2, ಎಸಿಸಿ-3, ಎಸಿಸಿ-ಎಂ ಮೂರೂ ‘ಹೀಲಾ’ ಕೋಶಗಳು. ಇನ್ನೆರಡು ಮೂತ್ರಕೋಶದ ಅರ್ಬುದದವು. ಉಳಿದೊಂದು ಮನುಷ್ಯನದೇ ಅಲ್ಲ. ಹೀಲಾ ಕೋಶಗಳು 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಗರ್ಭಕಂಠದ ಗಡ್ಡೆಯಿಂದ, ಆಕೆಯ ಅನುಮತಿಯಿಲ್ಲದೆ, ತೆಗೆದುವು. ಅವು ಅತಿಶೀಘ್ರವಾಗಿ ಬೆಳೆಯುವುದರಿಂದ, ಅಜಾಗರೂಕತೆಯಿಂದ ಕೆಲವೇ ಕೋಶಗಳು ಬೆರೆತರೂ ಮೂಲದ ಕೋಶಗಳನ್ನು ಅಳಿಸಿ ಪಾತ್ರೆಯನ್ನೆಲ್ಲ ಆಕ್ರಮಿಸಬಲ್ಲುವು. ಈ ಅಪಾಯವನ್ನು ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ವಿಜ್ಞಾನಿ 1966ರಲ್ಲಿಯೇ ತೋರಿಸಿಕೊಟ್ಟಿದ್ದರು.

ಹಾಗಾದರೆ ಆ ಪ್ರಬಂಧಗಳ ಗತಿಯೇನು? ಅಳತೆಗಳು ಸುಳ್ಳಲ್ಲ, ಅವುಗಳಿಗೆ ಕೊಟ್ಟ ಅರ್ಥ ಸಲ್ಲದು. ಲಾಲಾಗ್ರಂಥಿಯ ಅರ್ಬುದದ ನಡೆಯೆಂದು ಹೇಳಿದ್ದು ಗರ್ಭಕಂಠದ ಕೋಶಗಳ ನಡೆ. ಅದನ್ನಾಧರಿಸಿ ಔಷಧವನ್ನು ಅರಸಿದರೆ ನಷ್ಟವು ರೋಗಿಗೇ.

ಪರಿಹಾರವು ಸರಳ: ಪ್ರಯೋಗಕ್ಕೆ ಮುನ್ನ ಕೋಶಗಳ ಡಿಎನ್ಎಯನ್ನು ಅವುಗಳ ಮೂಲದಾತರ ಡಿಎನ್ಎಯೊಡನೆ ಹೋಲಿಸುವುದು. ರೋಗಿಯ ಗಡ್ಡೆಯ ತುಣುಕನ್ನೇ ನೇರವಾಗಿ ಇಲಿಯಲ್ಲಿ ನೆಟ್ಟು ಬೆಳೆಸಿದ ಮಾದರಿಗಳೂ 2011ರಲ್ಲಿ ಪ್ರಕಟವಾದುವು. ಶಾಸನವಾಗಲಿ ಕೋಶವಾಗಲಿ, ಹೆಸರನ್ನು ನಂಬುವ ಮೊದಲು ಮೂಲವನ್ನು ವಿಚಾರಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ.