ಫ್ಯಾನ್ ಕೆಟ್ಟರೆ ವೈಂಡಿಂಗ್ ಅಂಗಡಿಯವರು ವಾಪಸ್ ಕಳಿಸ್ತಿರೋದ್ಯಾಕೆ?

ಹಳೇ ಸೀಲಿಂಗ್ ಫ್ಯಾನ್ ನಿಧಾನವಾದರೆ ಹೆಚ್ಚಾಗಿ 2.5 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಬದಲಿಸಿದರೆ ಸಾಕಿತ್ತು. ಕಾಯಿಲ್ ಸುಟ್ಟರೆ ತಾಮ್ರದ ತಂತಿ ಸುತ್ತಿ ಕೊಡ್ತಿದ್ದರು. ಯಾವ ಕಂಪನಿಯದಾದರೂ ಕೆಲಸ ಹೆಚ್ಚುಕಮ್ಮಿ ಒಂದೇ.

ಈಗ ಬರ್ತಿರೋದು ರಿಮೋಟ್‌ನ ಬಿಎಲ್‌ಡಿಸಿ ಫ್ಯಾನ್. ಹಳೆಯದು ಸುಮಾರು 75 ವ್ಯಾಟ್ ಎಳೆದರೆ ಇದಕ್ಕೆ 30ರ ಆಸುಪಾಸು ಸಾಕು. ಕರೆಂಟ್ ಬಿಲ್ಲಿಗೆ ಒಳ್ಳೆಯದೇ, ಬಿಡಿ. ಆದರೆ ಇದನ್ನು ನಡೆಸೋದು ಎಲೆಕ್ಟ್ರಾನಿಕ್ ಬೋರ್ಡ್. ಸಿಡಿಲು, ವೋಲ್ಟೇಜ್ ಏರುಪೇರಿಗೆ ಹೋಗೋದೂ ಹೆಚ್ಚಾಗಿ ಅದೇ. ಕಂಪನಿಗೊಂದು, ಮಾಡೆಲ್‌ಗೊಂದು ಬೋರ್ಡ್. ಅದು ಸಿಗದಿದ್ದರೆ ಎಂಥ ಕೈಚಳಕದ ಮೆಕ್ಯಾನಿಕ್ ಕೂಡ ಕೈಚೆಲ್ಲಬೇಕು.

ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆದಿದೆ. ಮಾಹಿತಿ ಸಿಕ್ಕ ಮಾತ್ರಕ್ಕೆ ಬೋರ್ಡ್ ಸಿಕ್ಕಂತಲ್ಲ. ಕೊಳ್ಳುವಾಗಲೇ ವಾರಂಟಿ ಎಷ್ಟು ವರ್ಷ, ಬೋರ್ಡ್ ಬಿಡಿಯಾಗಿ ಸಿಗುತ್ತಾ ಅಂತ ಕೇಳಿ.