ನಾಲ್ಕಿಂಚು ವೈರು, ಒಂದು ಬೆಸುಗೆ

ಬುಲೆಟ್ಟಿನ ಹ್ಯಾಂಡಲನ್ನು ನಾಲ್ಕು ಇಂಚು ಮೇಲೆತ್ತಿದರೆ ಎತ್ತರದ ಸವಾರನ ಬೆನ್ನು ನೆಟ್ಟಗಾಗುತ್ತದೆ, ಮಣಿಕಟ್ಟಿನ ಮೇಲಿನ ಭಾರ ಇಳಿಯುತ್ತದೆ. ಹ್ಯಾಂಡಲ್ಲಿನ ಜತೆಗೇ ಮೇಲೇರಬೇಕಾದ ವೈರುಗಳು ಮಾತ್ರ ಇದ್ದಲ್ಲೇ ಉಳಿಯುತ್ತವೆ. ಕಾರ್ಖಾನೆಯವರು ತಾವು ಕೂರಿಸಿದ ಹ್ಯಾಂಡಲ್ಲಿಗೆ ಬೇಕಾದಷ್ಟೇ ಉದ್ದ ಬಿಟ್ಟಿರುತ್ತಾರೆ. ಸ್ವಿಚ್ಚನ್ನು ಎಳೆದು ಹೊಸ ಜಾಗಕ್ಕೆ ತಂದರೆ ಹೆಡ್‌ಲೈಟ್ ಡೂಮಿನೊಳಗೆ ವೈರುಗಳನ್ನು ಕೂಡಿಸುವ ಕಪ್ಲರ್ ಬಿಗಿದುಕೊಳ್ಳುತ್ತದೆ. ಹ್ಯಾಂಡಲ್ ಪೂರ್ತಿ ತಿರುಗಿಸಿದರೆ ಪಿನ್ನೇ ಕಿತ್ತು ಬರಬಹುದು. ವೈರಿಂಗ್ ಮೇಸ್ತ್ರಿಯ ಕೆಲಸ ಶುರುವಾಗುವುದು ಇಲ್ಲಿಂದ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹ್ಯಾಂಡಲ್ ಕೊಳ್ಳಲು ಬರುವವರು ಕ್ರೋಮಿನ ಹೊಳಪು ನೋಡುತ್ತಾರೆ, ಎತ್ತರ ಅಳೆಯುತ್ತಾರೆ, ಚೌಕಾಸಿ ಮಾಡುತ್ತಾರೆ. ವೈರು ಯಾರು ಉದ್ದ ಮಾಡಿಕೊಡುತ್ತಾರೆ ಎಂಬ ಯೋಚನೆ ಬರುವುದು ಹ್ಯಾಂಡಲ್ ಕೈಗೆ ಬಂದ ಮೇಲೆ. ಆಗ ಹತ್ತಿರದ ಗ್ಯಾರೇಜಿನಲ್ಲಿ ನಡೆಯುವುದು ಬಹುಪಾಲು ಒಂದೇ: ವೈರು ಕತ್ತರಿಸು, ನಡುವೆ ಒಂದು ತುಂಡು ಸೇರಿಸು, ಬೆರಳಲ್ಲಿ ತಿರುಚು, ಕರಿ ಟೇಪು ಸುತ್ತು. ಗಾಡಿ ಆ ದಿನ ಓಡುತ್ತದೆ. ಮಳೆಗಾಲ ಬಂದಾಗ ಹಾರ್ನ್ ಒತ್ತಿದರೆ ಇಂಡಿಕೇಟರ್ ಮಿಣುಕುತ್ತದೆ.

ಎತ್ತರದ ಹ್ಯಾಂಡಲ್ಲಿನ ಹುಚ್ಚು ಹಬ್ಬಿದ್ದು ಅಮೆರಿಕದಿಂದ. 1969ರ ‘ಈಜಿ ರೈಡರ್’ ಚಿತ್ರದ ಚಾಪರ್ ಬೈಕುಗಳು ಅದನ್ನು ಜಗತ್ತಿಗೆಲ್ಲ ಕಾಣಿಸಿದವು. ಆ ಬೈಕುಗಳನ್ನು ರೂಪಿಸಿದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಕಪ್ಪುವರ್ಣೀಯ ಕುಶಲಕರ್ಮಿಗಳ ಹೆಸರು ಹೊರಜಗತ್ತಿಗೆ ಗೊತ್ತಾಗಲು ದಶಕಗಳೇ ಬೇಕಾದವು. ಅಂಥ ಬೈಕುಗಳ ಹ್ಯಾಂಡಲ್ ಬೋಳುಬೋಳಾಗಿ ಕಾಣುತ್ತಿತ್ತು, ಮೇಲಕ್ಕೆ ಎಳೆಯಬೇಕಾದ ವೈರುಗಳೂ ಬೆರಳೆಣಿಕೆಯವು. ಇಂದಿನ ಗಾಡಿ ಹಾಗಲ್ಲ. ಎಡಗಡೆ ಡಿಮ್-ಡಿಪ್, ಪಾಸ್, ಇಂಡಿಕೇಟರ್, ಹಾರ್ನ್, ಕ್ಲಚ್ ಸ್ವಿಚ್. ಬಲಗಡೆ ಸೆಲ್ಫ್ ಸ್ಟಾರ್ಟ್, ಕಿಲ್ ಸ್ವಿಚ್, ಬ್ರೇಕ್ ಲೈಟ್ ಸ್ವಿಚ್. ಎರಡೂ ಬದಿ ಸೇರಿ ಹದಿನೈದರ ಆಸುಪಾಸು ವೈರು. ಒಂದೊಂದನ್ನೂ ಉದ್ದ ಮಾಡಬೇಕು, ಒಂದೂ ಅದಲುಬದಲಾಗಬಾರದು.

ಬಣ್ಣ ನೆರವಿಗೆ ಬರುವುದು ಈ ಹಂತದಲ್ಲಿ. ಹೋಂಡಾದ ಗಾಡಿಗಳಲ್ಲಿ ಅರ್ತ್ ವೈರು ಹಸಿರು. ಯಮಹಾದಲ್ಲಿ ಕಪ್ಪು, ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ, ಕವಾಸಾಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ. ಎಂಬತ್ತರ ದಶಕದಲ್ಲಿ ಈ ನಾಲ್ಕೂ ಕಂಪನಿಗಳು ನಮ್ಮ ಕಂಪನಿಗಳ ಜತೆ ಕೈಜೋಡಿಸಿ ಬಂದಾಗ ಇಲ್ಲಿನ ಮೇಸ್ತ್ರಿಗಳು ನಾಲ್ಕು ಲಿಪಿಗಳನ್ನು ಒಟ್ಟಿಗೇ ಕಲಿಯಬೇಕಾಯಿತು. ಒಳ್ಳೆಯ ಕೆಲಸಗಾರ ಸೇರಿಸುವ ತುಂಡನ್ನೂ ಅದೇ ಬಣ್ಣದಲ್ಲಿ ಹುಡುಕಿ ತರುತ್ತಾನೆ. ಗೆರೆಯ ವೈರು ಸಿಗದಿದ್ದರೆ ಎರಡೂ ತುದಿಗೆ ಗುರುತು ಕಟ್ಟುತ್ತಾನೆ. ಹದಿನೈದು ವೈರಿಗೂ ಒಂದೇ ಕೆಂಪು ವೈರಿನ ಸುರುಳಿಯಿಂದ ತುಂಡು ಹಾಕುವ ಕೈಗೆ ನನ್ನ ಗಾಡಿಯನ್ನಂತೂ ಕೊಡಲಾರೆ. ಐದು ವರ್ಷದ ಮೇಲೆ ಬೇರೊಬ್ಬ ಮೇಸ್ತ್ರಿ ಅದನ್ನು ಬಿಚ್ಚಿದಾಗ ಅವನ ಪಾಡೇನು?

ವೈರು ಉದ್ದವಾದರೆ ಕರೆಂಟ್ ಕಮ್ಮಿಯಾಗುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳುತ್ತದೆ. ಲೆಕ್ಕ ಹಾಕಿ ನೋಡೋಣ. ಅರ್ಧ ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರು ಇಪ್ಪತ್ತು ಸೆಂಟಿಮೀಟರ್ ಹೆಚ್ಚಾದರೆ ಅದರ ರೋಧ ಸುಮಾರು 0.007 ಓಮ್. 55 ವಾಟಿನ ಹೆಡ್‌ಲೈಟ್ ಬಲ್ಬು ಎಳೆಯುವುದು ನಾಲ್ಕೂವರೆ ಆಂಪಿಯರ್‌ನಷ್ಟು. ಅಲ್ಲಿಗೆ ಆ ತುಂಡಿನಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ಮೂವತ್ತನೇ ಒಂದು ಪಾಲು, ಕಣ್ಣಿಗೆ ಕಾಣುವಂಥದ್ದಲ್ಲ. ಅದೇ ವೈರಿನಲ್ಲಿ ತಿರುಚಿ ಟೇಪು ಸುತ್ತಿದ ಜಾಯಿಂಟು ಕಿಲುಬು ಹಿಡಿದು 0.2 ಓಮ್ ಆಯಿತೆನ್ನಿ. ಒಂದು ವೋಲ್ಟಿನ ಹತ್ತಿರ ಅಲ್ಲೇ ಇಂಗಿ, ನಾಲ್ಕು ವಾಟಿನ ಬಿಸಿಯಾಗಿ ಟೇಪನ್ನು ಕರಗಿಸುತ್ತದೆ. ಬಲ್ಬಿನ ಬೆಳಕು ಐದನೇ ಒಂದು ಭಾಗದಷ್ಟು ಕುಗ್ಗುತ್ತದೆ. ಸವಾರ ಬೈಯುವುದು ಬ್ಯಾಟರಿಯನ್ನು. ತಪ್ಪು ಬ್ಯಾಟರಿಯದಲ್ಲ, ಉದ್ದದ್ದೂ ಅಲ್ಲ, ಜಾಯಿಂಟಿನದು.

ಮೈಸೂರಿನಲ್ಲಿ 1961ರಿಂದ 1996ರವರೆಗೆ ಜಾವಾ, ಯೆಜ್ಡಿಗಳನ್ನು ತಯಾರಿಸಿದ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಗಾಡಿಗಳನ್ನು ಇಂದಿಗೂ ಮಗುವಿನಂತೆ ಸಾಕುವವರು ನಮ್ಮಲ್ಲಿದ್ದಾರೆ. ಅವರಿಗೆ ಈ ಲೆಕ್ಕ ಇನ್ನೂ ಮುಖ್ಯ. ಆ ಜಾವಾಗಳದು 6 ವೋಲ್ಟಿನ ವ್ಯವಸ್ಥೆ. ಅಷ್ಟೇ ವಾಟಿನ ಬಲ್ಬಿಗೆ 6 ವೋಲ್ಟಿನಲ್ಲಿ ಎರಡರಷ್ಟು ಆಂಪಿಯರ್ ಹರಿಯಬೇಕು. ನಷ್ಟವಾಗುವ ವೋಲ್ಟು ಎರಡರಷ್ಟು, ಕೈಯಲ್ಲಿರುವ ವೋಲ್ಟು ಅರ್ಧ. ಹೀಗಾಗಿ ಕೆಟ್ಟ ಜಾಯಿಂಟಿನ ಪೆಟ್ಟು 12 ವೋಲ್ಟಿನ ಗಾಡಿಗಿಂತ ನಾಲ್ಕು ಪಟ್ಟು. ಜಾವಾದ ದೀಪ ಮಂಕು ಎಂದು ಹಳಿಯುವ ಮೊದಲು ಡೂಮ್ ಬಿಚ್ಚಿ ಜಾಯಿಂಟುಗಳನ್ನು ಒಮ್ಮೆ ನೋಡಬೇಕು.

ಹಾಗಾದರೆ ಜಾಯಿಂಟ್ ಹೇಗಿರಬೇಕು? ಮೊದಲ ದರ್ಜೆಯ ಉತ್ತರ: ಇರಲೇಬಾರದು. ಕಪ್ಲರಿನಿಂದ ಹಳೆಯ ಪಿನ್ನುಗಳನ್ನು ಸಣ್ಣ ಸೂಜಿಯಿಂದ ಬಿಡಿಸಿ ತೆಗೆದು, ಸ್ವಿಚ್ಚಿನಿಂದ ಕಪ್ಲರಿನವರೆಗೆ ಒಂದೇ ಉದ್ದನೆಯ ಹೊಸ ವೈರು ಹಾಕಿ, ಹೊಸ ಪಿನ್ ಕ್ರಿಂಪ್ ಮಾಡುವುದು. ಆ ಪಿನ್ನಿಗೆ ಎರಡು ಜೊತೆ ರೆಕ್ಕೆ ಇರುತ್ತವೆ. ಒಂದು ಜೊತೆ ತಾಮ್ರದ ಎಳೆಗಳನ್ನು ಹಿಡಿಯುತ್ತದೆ, ಇನ್ನೊಂದು ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು. ಎರಡನೆಯದು ಸರಿಯಾಗಿ ಮಡಚದಿದ್ದರೆ ಎಂಜಿನ್ನಿನ ಅದಿರಾಟವೆಲ್ಲ ತಾಮ್ರದ ಎಳೆಗಳ ಮೇಲೆ ಬೀಳುತ್ತದೆ. ಇಕ್ಕಳದಲ್ಲಿ ಜಜ್ಜಿದರೆ ಈ ಕೆಲಸ ಆಗದು, ಕ್ರಿಂಪಿಂಗ್ ಪ್ಲೈಯರೇ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೂಲಿಯೂ ಹೆಚ್ಚು. ಇಡೀ ಕಸುಬಿನಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಕೆಲಸದ ಮೇಲೆ, ಏಕೆಂದರೆ ಮುಗಿದ ಮೇಲೆ ಅಲ್ಲಿ ಯಾರಾದರೂ ಕೈ ಆಡಿಸಿದ್ದರು ಎಂಬುದೇ ತಿಳಿಯುವುದಿಲ್ಲ.

ಎರಡನೆಯ ದಾರಿ, ಎರಡೂ ತುದಿಗೆ ಕಪ್ಲರ್ ಇರುವ ಎಕ್ಸ್‌ಟೆನ್ಷನ್ ವೈರಿಂಗ್. ಕಾರ್ಖಾನೆಯ ವೈರಿಗೆ ಕತ್ತರಿ ತಗಲುವುದಿಲ್ಲ. ಬೇಡವಾದ ದಿನ ಬಿಚ್ಚಿಟ್ಟು ಹಳೆಯ ಹ್ಯಾಂಡಲ್ ಹಾಕಬಹುದು.

ಬೆಸುಗೆ ಮೂರನೆಯದು, ನಮ್ಮಲ್ಲಿ ಹೆಚ್ಚು ನಡೆಯುವುದೂ ಅದೇ. ಚೆನ್ನಾಗಿ ಹಾಕಿದ ಬೆಸುಗೆ ಕೆಟ್ಟದ್ದೇನಲ್ಲ. ಹೀಟ್ ಶ್ರಿಂಕ್ ಸ್ಲೀವನ್ನು ಮೊದಲೇ ವೈರಿಗೆ ತೂರಿಸಿಟ್ಟುಕೊಂಡು, ಎರಡೂ ತುದಿಗಳನ್ನು ಒಂದಕ್ಕೊಂದು ಉದ್ದಕ್ಕೆ ಸುತ್ತಿ, ತಾಮ್ರವೇ ಕಾದು ಸೀಸವನ್ನು ಹೀರುವಂತೆ ಕಾಸಬೇಕು. ಸೀಸ ಮುದ್ದೆಯಾಗಿ ಮೇಲೆ ಕೂತರೆ ಅದು ಬೆಸುಗೆಯಲ್ಲ. ರಾಳದ ಫ್ಲಕ್ಸ್ ಬಳಸಬೇಕು. ತಗಡಿನ ಕೆಲಸಕ್ಕೆ ಹಾಕುವ ಆಸಿಡ್ ಬಳಸಿದರೆ ಉಳಿದ ಆಸಿಡ್ ಒಳಗೊಳಗೇ ತಾಮ್ರವನ್ನು ತಿನ್ನುತ್ತದೆ. ಸೀಸ ಹೀರಿದ ಎಳೆಗಳು ಸೆಟೆದುಕೊಳ್ಳುವುದರಿಂದ, ಸೆಟೆದ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವ ಗಡಿಯಲ್ಲೇ ವೈರು ಮುರಿಯುತ್ತದೆ. ಆ ಗಡಿಯನ್ನು ದಾಟಿ ಎರಡೂ ಕಡೆ ಸ್ಲೀವ್ ಚಾಚಿರಬೇಕು, ಒಳಗೆ ಅಂಟು ಇರುವ ಸ್ಲೀವಾದರೆ ನೀರೂ ಇಳಿಯದು. ಹಗ್ಗ ಹೊಸೆಯುವವರು ಹೊಸ ನಾರನ್ನು ಎಲ್ಲ ಎಳೆಗೂ ಒಂದೇ ಕಡೆ ಸೇರಿಸುವುದಿಲ್ಲವಲ್ಲ, ಇಲ್ಲಿಯೂ ಜಾಯಿಂಟುಗಳು ಹಿಂದುಮುಂದಾಗಿ ಬೀಳಬೇಕು. ಇಲ್ಲವಾದರೆ ಒಂದೇ ಕಡೆ ಗಂಟು ದಪ್ಪವಾಗಿ, ಹೊದಿಕೆ ಸವೆದ ದಿನ ಅಕ್ಕಪಕ್ಕದ ವೈರುಗಳು ಮುಟ್ಟಿ ಶಾರ್ಟ್ ಆಗುತ್ತವೆ.

ಜಾಯಿಂಟ್ ಎಲ್ಲಿ ಬೀಳಬೇಕು ಎಂಬುದೂ ಲೆಕ್ಕವೇ. ಹ್ಯಾಂಡಲ್ ತಿರುಗಿದಾಗ ಬಾಗುವ ಫೋರ್ಕಿನ ಕುತ್ತಿಗೆಯ ಬಳಿ ಸರ್ವಥಾ ಬೇಡ. ಹೆಡ್‌ಲೈಟ್ ಡೂಮಿನೊಳಗೆ, ಇಲ್ಲವೇ ಟ್ಯಾಂಕಿನ ಕೆಳಗೆ ಅದು ಅಲುಗದೆ ಕೂರಬೇಕು. ಕೆಲವರಿಗೆ ವೈರು ಹೊರಗೆ ಕಾಣುವುದೇ ಇಷ್ಟವಿಲ್ಲ, ಹ್ಯಾಂಡಲಿಗೆ ರಂಧ್ರ ಕೊರೆಸಿ ಒಳಗಿಂದ ಎಳೆಸುತ್ತಾರೆ. ಕೊರೆದ ಅಂಚನ್ನು ಉಜ್ಜಿ ನುಣುಪು ಮಾಡಿ ರಬ್ಬರ್ ಬುಷ್ ಕೂರಿಸದಿದ್ದರೆ ಆ ಅಂಚೇ ಬ್ಲೇಡು.

ವೈರಿನ ಜತೆ ಕೇಬಲ್ಲುಗಳೂ ಇವೆ. ಕ್ಲಚ್, ಆ್ಯಕ್ಸಿಲರೇಟರ್ ಕೇಬಲ್ಲುಗಳಿಗೆ ತುಂಡು ಸೇರಿಸಲಾಗದು, ಉದ್ದದ್ದನ್ನೇ ಹಾಕಬೇಕು. ಡಿಸ್ಕ್ ಬ್ರೇಕಿನ ಹೋಸೂ ಹಾಗೆಯೇ. ಎಬಿಎಸ್ ಇರುವ ಗಾಡಿಯಲ್ಲಿ ಆ ಹೋಸ್ ಬಿಚ್ಚಿ ಗಾಳಿ ತೆಗೆಯುವುದು ರಸ್ತೆಬದಿಯ ಕೆಲಸವಲ್ಲ. ಥ್ರಾಟಲ್-ಬೈ-ವೈರ್ ಬಂದ ಮೇಲಂತೂ ಕೇಬಲ್ಲೇ ಇಲ್ಲ. ಹಿಡಿ ಎಷ್ಟು ತಿರುಗಿತೆಂದು ಸೆನ್ಸರ್ ಅತಿ ಸಣ್ಣ ವೋಲ್ಟೇಜಿನಲ್ಲಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುಗೆ ತಿಳಿಸುತ್ತದೆ. ಹಾರ್ಲೆ-ಡೇವಿಡ್‌ಸನ್ನಿನ ಟೂರಿಂಗ್ ಬೈಕುಗಳಿಗೆ ಇದು 2008ರಲ್ಲೇ ಬಂತು. ಆ ವೈರಿನಲ್ಲಿ ಹಾರ್ನಿನ ವೈರಿನಂತೆ ಜಾಯಿಂಟ್ ಹಾಕಿದರೆ ಎಂಜಿನ್ನು ನಡುರಸ್ತೆಯಲ್ಲಿ ವೇಗ ಕಳೆದುಕೊಳ್ಳಬಹುದು. ತಯಾರಾದ ಎಕ್ಸ್‌ಟೆನ್ಷನ್ ಸಿಗದಿದ್ದರೆ ಇದು ನನ್ನಿಂದಾಗದು ಎಂದು ಗಾಡಿ ವಾಪಸು ಕಳಿಸುವ ಮೇಸ್ತ್ರಿಯನ್ನು ನಂಬಿ.

ಕಾನೂನನ್ನೂ ಮರೆಯುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ತಡೆಯುತ್ತದೆ. 2019ರ ತಿದ್ದುಪಡಿಯಂತೆ ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಬೀಳಬಹುದು. ಹ್ಯಾಂಡಲ್ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಕೆಲಸ ಮುಗಿದ ಮೇಲೆ ದುಡ್ಡು ಕೊಡುವ ಮುನ್ನ ಮೇಸ್ತ್ರಿಯ ಎದುರೇ ಮಾಡಬೇಕಾದ ಪರೀಕ್ಷೆ ಒಂದಿದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಎಡದ ಕೊನೆಯಿಂದ ಬಲದ ಕೊನೆಯವರೆಗೆ ನಿಧಾನವಾಗಿ ತಿರುಗಿಸಿ. ಎಂಜಿನ್ನಿನ ಸದ್ದು ಏರಿದರೆ ಆ್ಯಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಎಂದರ್ಥ, ತಿರುವಿನಲ್ಲಿ ಗಾಡಿ ತಾನಾಗಿಯೇ ಓಡತೊಡಗುತ್ತದೆ. ಎರಡೂ ಕೊನೆಯಲ್ಲಿ ನಿಲ್ಲಿಸಿ ಹಾರ್ನ್, ಇಂಡಿಕೇಟರ್, ಡಿಮ್-ಡಿಪ್, ಬ್ರೇಕ್ ಲೈಟು, ಕಿಲ್ ಸ್ವಿಚ್ಚುಗಳನ್ನು ಒಂದೊಂದಾಗಿ ಒತ್ತಿ ನೋಡಿ. ಬಳಿಕ ಹೆಡ್‌ಲೈಟ್ ಹತ್ತು ನಿಮಿಷ ಉರಿಯಲು ಬಿಟ್ಟು ಆರಿಸಿ, ಡೂಮ್ ತೆಗೆದು ಪ್ರತಿ ಜಾಯಿಂಟಿನ ಸ್ಲೀವನ್ನೂ ಬೆರಳಲ್ಲಿ ಮುಟ್ಟಿ. ಯಾವುದಾದರೂ ಪಕ್ಕದ ವೈರಿಗಿಂತ ಬೆಚ್ಚಗಿದ್ದರೆ ಅದನ್ನು ಅಲ್ಲೇ ಬಿಚ್ಚಿಸಿ ಹೊಸದಾಗಿ ಹಾಕಿಸಿ.