ಮನೆಯ ನಾಯಿಗೆ ಐದು ಮಾತು

ಕಳೆದ ಬೇಸಿಗೆಯಲ್ಲಿ ಸಿಂಧನೂರು ತಾಲ್ಲೂಕಿನ ಕ್ಯಾಂಪೊಂದರಲ್ಲಿ, ಭತ್ತದ ಗದ್ದೆಗಳ ಅಂಚಿಗಿರುವ ಭಕ್ತರೊಬ್ಬರ ಮನೆಗೆ ನಾವು ಹೋಗಿದ್ದೆವು. ಬೇವಿನ ಮರಕ್ಕೆ ಕಟ್ಟಿದ್ದ ನಾಯಿ ನಮ್ಮನ್ನು ಕಂಡೊಡನೆ ಸರಪಳಿ ಹರಿಯುವಂತೆ ಜಗ್ಗತೊಡಗಿತು. “ಏನೂ ಮಾಡೂದಿಲ್ರೀ, ಬರ್ರಿ” ಎಂದರು ಯಜಮಾನರು. ಆದರೆ ಹಿಂದಿನ ದಿನವಷ್ಟೇ ಆ ನಾಯಿ ಅವರ ಆರು ವರ್ಷದ ಮೊಮ್ಮಗಳ ಮುಂಗೈ ಕಚ್ಚಿತ್ತು. ಮಗು ಆಟದ ಭರದಲ್ಲಿ, ರೊಟ್ಟಿ ತಿನ್ನುತ್ತಿದ್ದ ನಾಯಿಯ ತಟ್ಟೆಗೆ ಕೈಹಾಕಿತ್ತು. ಅಜ್ಜಿ ಗಾಯಕ್ಕೆ ಸುಣ್ಣ, ಅರಿಷಿಣ ಮೆತ್ತಿದ್ದರು. ಸಾಕಿದ ನಾಯಿಯೇ ಅಲ್ಲವೇ ಎಂದು ಆಸ್ಪತ್ರೆಯ ಮಾತನ್ನು ಯಾರೂ ಎತ್ತಿರಲಿಲ್ಲ. ನಾಯಿಗೆ ಲಸಿಕೆಯನ್ನೂ ಹಾಕಿಸಿರಲಿಲ್ಲ. ಅಂದೇ ಮಗುವನ್ನು ಕರೆದೊಯ್ದು ಮೊದಲ ಚುಚ್ಚುಮದ್ದು ಕೊಡಿಸಿದ ಮೇಲೆಯೇ ನಮಗೆ ಸಮಾಧಾನವಾದುದು.

ರೇಬಿಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡವೆಂದರೆ ರೋಗಿ ಬದುಕುವುದು ಅತ್ಯಂತ ವಿರಳ. ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು. ಸುಣ್ಣ, ಖಾರದ ಪುಡಿ, ಎಣ್ಣೆ ಯಾವುದನ್ನೂ ಹಚ್ಚಬಾರದು. ಅದೇ ದಿನ ವೈದ್ಯರಲ್ಲಿಗೆ ಹೋಗಿ, ಅವರು ಬರೆದುಕೊಟ್ಟ ದಿನಗಳಂದು ಎಲ್ಲ ಚುಚ್ಚುಮದ್ದುಗಳನ್ನೂ ತಪ್ಪದೆ ಪಡೆಯಬೇಕು. ರಕ್ತ ಬರುವಂತಹ ಗಾಯವಾದರೆ ಅದರ ಸುತ್ತ ಕೊಡುವ ಇನ್ನೊಂದು ಔಷಧವೂ ಬೇಕಾಗುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳಬೇಕು.

ಇಷ್ಟು ಚಿಕಿತ್ಸೆಯ ಮಾತಾಯಿತು. ಕಚ್ಚದಂತೆ ನೋಡಿಕೊಳ್ಳುವುದು ಹೇಗೆ? ಲಿಂಗಸುಗೂರಿನ ಕಡೆ ಕುರಿಗಾಹಿಯ ಹಿಂದೆ ಹೋಗುವ ನಾಯಿಯನ್ನು ಕಂಡವರಿಗೆ ಇದು ಅರ್ಥವಾದೀತು. ಅದು ದಿನವಿಡೀ ಒಡೆಯನ ಜೊತೆ ನಡೆಯುತ್ತದೆ, ಅವನ ದನಿಯ ಏರಿಳಿತ ಬಲ್ಲದು. ನಮ್ಮ ಮನೆಗಳ ನಾಯಿಯಾದರೋ ಹಗಲೆಲ್ಲ ಸರಪಳಿಯಲ್ಲಿರುತ್ತದೆ. ರಾತ್ರಿ ಬಿಟ್ಟೊಡನೆ ಮೋಟಾರು ಸೈಕಲ್ಲಿನ ಬೆನ್ನು ಹತ್ತುತ್ತದೆ. ಅದಕ್ಕೆ ಯಾರೂ ಏನನ್ನೂ ಕಲಿಸಿಲ್ಲ. ಬೈಗುಳವೊಂದೇ ಅದು ಕೇಳಿದ ಪಾಠ.

ಕಲಿಸಬೇಕಾದುದು ಐದೇ ಮಾತು: ಬಾ, ಕುಂದ್ರು, ನಿಲ್ಲು, ಬಿಡು, ಹೋಗು. ಕೈಯಲ್ಲಿ ಜೋಳದ ರೊಟ್ಟಿಯ ಚೂರನ್ನೋ ಉಪ್ಪಿಲ್ಲದ ಹುರಿದ ಶೇಂಗಾವನ್ನೋ ಹಿಡಿದು ನಾಯಿಯ ಮೂಗಿನ ಮುಂದಿಟ್ಟು, ನಿಧಾನವಾಗಿ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ತಲೆ ಮೇಲೆದ್ದಂತೆ ಹಿಂಭಾಗ ತಾನೇ ನೆಲಕ್ಕೆ ಬರುತ್ತದೆ. ಆ ಕ್ಷಣಕ್ಕೇ “ಕುಂದ್ರು” ಎಂದು ಚೂರನ್ನು ಕೊಡಬೇಕು. ಸ್ವಲ್ಪ ತಡವಾದರೂ ಯಾವುದಕ್ಕಾಗಿ ದೊರೆಯಿತೆಂಬುದು ಅದಕ್ಕೆ ತಿಳಿಯದು. ಒಮ್ಮೆಗೆ ಐದು ನಿಮಿಷ, ದಿನಕ್ಕೆ ಎರಡು ಮೂರು ಸಲ ಸಾಕು. “ಬಾ” ಎಂದಾಗ ಬಂದ ನಾಯಿಯನ್ನು, ಅದು ಮೊದಲು ಏನೇ ತಪ್ಪು ಮಾಡಿರಲಿ, ಹೊಡೆಯಲೇಬಾರದು. ಹೊಡೆದರೆ ಮರುದಿನ ಕರೆದಾಗ ಅದು ಬರುವುದಿಲ್ಲ. “ಹೋಗು” ಎಂದರೆ ತನ್ನ ಗೋಣಿತಾಟಿನ ಮೇಲೆ ಹೋಗಿ ಮಲಗಬೇಕು. ಅತಿಥಿಗಳು ಬರುವ ಮನೆಯಲ್ಲಿ ಇದರ ಉಪಯೋಗ ಬಹಳ.

ಇಲ್ಲೊಂದು ತೊಡಕನ್ನು ನಾವು ಅನೇಕ ಮನೆಗಳಲ್ಲಿ ಕಂಡಿದ್ದೇವೆ. ಅಜ್ಜಿ “ಕುಂದ್ರು” ಎನ್ನುತ್ತಾರೆ, ತಂದೆ “ಕೂಡು” ಎನ್ನುತ್ತಾನೆ, ಇಂಗ್ಲಿಷ್ ಶಾಲೆಯ ಮೊಮ್ಮಗ “ಸಿಟ್” ಎನ್ನುತ್ತಾನೆ. ಮೂವರೂ ನಾಯಿಗೆ ಬುದ್ಧಿಯಿಲ್ಲವೆಂದು ದೂರುತ್ತಾರೆ! ಮನೆಮಂದಿಯೆಲ್ಲ ಕುಳಿತು ಒಂದೇ ಪದವನ್ನು ಆರಿಸಿಕೊಳ್ಳುವುದೇ ಈ ಶಿಕ್ಷಣದ ಅತಿ ಕಠಿಣ ಭಾಗವೆಂದು ನಮಗೆ ತೋರುತ್ತದೆ.

ಮಕ್ಕಳಿಗೂ ಪಾಠವುಂಟು. ಉಣ್ಣುವ, ಮಲಗಿದ, ಮರಿಗಳಿಗೆ ಹಾಲೂಡುವ ನಾಯಿಯ ಬಳಿ ಹೋಗಬಾರದು. ನಾಯಿ ಗುರುಗುಟ್ಟಿದರೆ ದೂರ ಸರಿಯಬೇಕು. ಹಿರಿಯರು ಗುರುಗುಟ್ಟಿದ್ದಕ್ಕೆ ಹೊಡೆಯುವುದು ತಪ್ಪು. ಹೊಡೆತಕ್ಕೆ ಅಂಜಿ ಅದು ಎಚ್ಚರಿಕೆ ಕೊಡುವುದನ್ನು ಬಿಟ್ಟು ನೇರವಾಗಿ ಕಚ್ಚಲು ಕಲಿಯುತ್ತದೆ.

ಮುಧೋಳ ನಾಯಿಯನ್ನು ತರಬೇಕೆಂದು ಕೇಳುವವರು ನಮ್ಮಲ್ಲಿ ಹಲವರು. ಬಾಗಲಕೋಟೆ ಜಿಲ್ಲೆಯ ಈ ತಳಿಯ ಚಿತ್ರ 2005ರಲ್ಲಿ ಅಂಚೆಚೀಟಿಯ ಮೇಲೆ ಬಂದಿತು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೂ ಇದೆ. ಸೇನೆ ಮೇರಠ್‌ನಲ್ಲಿ ಇವುಗಳಿಗೆ ತರಬೇತಿ ನೀಡಿದೆ. ಆದರೆ ಇದು ಕಣ್ಣಿನಿಂದ ಬೇಟೆಯಾಡುವ ನಾಯಿ. ಓಡುವ ಮೊಲ ಕಂಡಿತೆಂದರೆ ಕರೆದದ್ದು ಅದಕ್ಕೆ ಕೇಳಿಸುವುದೇ ಕಷ್ಟ. ಓಡಲು ಬಯಲಿಲ್ಲದ ಪಟ್ಟಣದ ಮನೆಗೆ ಅದನ್ನು ತರುವುದು ಬೇಡವೆಂಬುದು ನಮ್ಮ ಅಭಿಪ್ರಾಯ. ನಾಡನಾಯಿಯ ಮರಿಯೇ ಸಾಕು, ಅದೂ ಐದೂ ಮಾತನ್ನು ಕಲಿಯುತ್ತದೆ.

ನಮ್ಮ ಸೀಮೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ನಾಯಿ ಮುಖ್ಯವಾಗಿ ಏದುಸಿರಿನಿಂದಲೇ ಮೈ ತಂಪು ಮಾಡಿಕೊಳ್ಳುವುದರಿಂದ, ಪಾಠವೂ ಅಡ್ಡಾಟವೂ ಬೆಳಗಿನ ಜಾವ ಇಲ್ಲವೇ ಸಂಜೆಯ ಮೇಲೆ ನಡೆಯಲಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಉಳಿದ ಪಲ್ಯ ಅದರ ರಕ್ತಕ್ಕೆ ಕೆಡುಕು. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಅನಂತರ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ. ಮಸ್ಕಿಯ ಬಂಡೆಯ ಮೇಲೆ ಯಾರ ಹೆಸರನ್ನು ಓದುತ್ತೇವೆಯೋ ಆ ಅಶೋಕ, ಬೇರೆಡೆಯ ತನ್ನ ಶಾಸನಗಳಲ್ಲಿ ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದುದನ್ನು ಹೇಳಿಕೊಂಡಿದ್ದಾನೆ. ಇಂದು ಪಶು ಆಸ್ಪತ್ರೆ ತಾಲ್ಲೂಕು ಕೇಂದ್ರದಲ್ಲಿಯೇ ಇದೆ.

ಮಳೆಗಾಲದಲ್ಲಿ ಆ ಕ್ಯಾಂಪಿಗೆ ಮತ್ತೆ ಹೋಗಿದ್ದೆವು. ಮಗು ಚುಚ್ಚುಮದ್ದುಗಳನ್ನೆಲ್ಲ ಮುಗಿಸಿತ್ತು. ಅಜ್ಜಿ ಪಕ್ಕದಲ್ಲಿ ನಿಂತಿದ್ದರು. ಮಗು ತಟ್ಟೆ ಹಿಡಿದು “ಕುಂದ್ರು” ಎಂದಿತು. ನಾಯಿ ಕುಳಿತಿತು. ತಟ್ಟೆಯನ್ನು ನೆಲಕ್ಕಿಟ್ಟು ಮಗು ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಬೇವಿನ ಮರದಲ್ಲಿ ಸರಪಳಿ ಖಾಲಿ ತೂಗುತ್ತಿತ್ತು.